ಬಿಳಿ ಮರ ಹುಡುಕಿಕೊಂಡು ಬದಿಯಡ್ಕ, ಮುಳ್ಳೇರಿಯಾ ಕಡೆ ಹೋಗುವವರಿಗೆ

ಬೊಂಬೆ, ಡಬ್ಬಿ, ಇನ್‌ಲೇ (ಮರದಲ್ಲಿ ಬೇರೆ ಮರದ ತುಂಡು ಕೂರಿಸುವ) ಕೆಲಸಕ್ಕೆ ಬಿಳಿ ಮರ, ಅಂದರೆ ಶಿವನೆ, ಆಲೆಯಂಥ ತಿಳಿ ಬಣ್ಣದ ಮರ, ಬೇಕು ಅಂತ ಕಾಸರಗೋಡಿಗೆ ಹೊರಡುವವರು ಮೊದಲು ಕ್ಯಾಲೆಂಡರ್ ನೋಡಿ. ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ ಬನ್ನಿ. ಮಳೆಗಾಲದಲ್ಲಿ ಮರ ಸಿಕ್ಕರೂ ಪ್ರಯೋಜನವಿಲ್ಲ. ತೇಗ, ಹಲಸು ಆದರೆ ಎರಡು ತಿಂಗಳು ಅಂಗಳದಲ್ಲಿ ಬಿದ್ದಿದ್ದರೂ ಕೆಡುವುದಿಲ್ಲ, ಬಿಳಿ ಮರ ಹಾಗಲ್ಲ. ಕಡಿದ ಮೇಲಿನ ಮೊದಲ ವಾರದಲ್ಲೇ ಅದರ ಬಣ್ಣ ಉಳಿಯುತ್ತದೋ ಹೋಗುತ್ತದೋ ಅನ್ನುವುದು ತೀರ್ಮಾನವಾಗಿ ಹೋಗುತ್ತದೆ. ಹಾಗಾಗಿ ಒಣಗಿದ ಹಲಗೆ ಹುಡುಕುವುದಕ್ಕಿಂತ, ಹಸಿ ಮರ ಸಿಗುವ ದಿನಕ್ಕೆ ಸರಿಯಾಗಿ ಅಲ್ಲಿರುವುದೇ ಮುಖ್ಯ.

ಮಂಗಳೂರು ಸೆಂಟ್ರಲ್‌ನಿಂದ ಕಾಸರಗೋಡಿಗೆ ರೈಲಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಅಲ್ಲಿಂದ ಬದಿಯಡ್ಕ, ಮುಳ್ಳೇರಿಯಾಕ್ಕೆ ಬಸ್ ಇದೆ. ಪೇಟೆಯ ಮರದಂಗಡಿಗಳಲ್ಲಿ ಸಮಯ ಹಾಳು ಮಾಡಬೇಡಿ, ಅಲ್ಲಿ ಬಾಗಿಲು ಕಿಟಕಿಗೆ ಬೇಕಾದ ಮರವೇ ಜಾಸ್ತಿ. ಒಳಗಿನ ಸಣ್ಣ ಸಾಮಿಲ್ಲುಗಳಿಗೆ ತೋಟದ ಮರ ಬರುತ್ತದೆ. ಮಾತಿಗೆ ಏನೂ ತೊಂದರೆಯಿಲ್ಲ, ಕನ್ನಡ, ತುಳು, ಮಲಯಾಳ ಮೂರೂ ಒಂದೇ ಮಿಲ್ಲಲ್ಲಿ ಕೇಳುತ್ತದೆ. ಹೋಗುವ ಮೊದಲು ಫೋನ್ ಮಾಡಿ. ಒಬ್ಬ ಮಿಲ್ಲಿನವರು ನನಗೆ ಹೇಳಿದ್ದು ಇಷ್ಟೇ: "ಬಿಳಿ ಮರ ನಾವು ಇಟ್ಟುಕೊಂಡು ಎಂತ ಮಾಡುದು ಮಾರಾಯ್ರೆ? ಬಂದ ದಿನ ಹೇಳ್ತೇನೆ, ಮರುದಿನ ನೀವು ಬನ್ನಿ." ಒಳ್ಳೆಯ ವ್ಯವಸ್ಥೆ ಅಂದರೆ ಅದೇ.

ಯಾವ ಮರ ಕೇಳಬೇಕು? ನನ್ನ ಮೊದಲ ಆಯ್ಕೆ ಶಿವನೆ. ಮಲಯಾಳದವರು ಕುಮಿಳ್ ಅನ್ನುತ್ತಾರೆ, ಕಥಕಳಿಯ ಕಿರೀಟ ಕೆತ್ತುವುದು ಇದರಲ್ಲೇ. ತಿಳಿ ಕೆನೆ ಬಣ್ಣ, ಉಳಿಗೆ ಮೆತ್ತಗೆ, ಒಣಗುವಾಗ ಸೊಟ್ಟಗಾಗುವುದು ಕಡಿಮೆ. ಕಡೆಯುವುದಕ್ಕೆ, ಅಂದರೆ ಲೇತ್ ಕೆಲಸಕ್ಕೆ, ಚನ್ನಪಟ್ಟಣದ ಬೊಂಬೆಯ ಆಲೆ ಮರವನ್ನು ಇದು ಮೀರಿಸುವುದಿಲ್ಲ. ಆದರೆ ಆಲೆ ದಪ್ಪವಾಗಿ ಸಿಗುವುದು ಅಪರೂಪ, ಕೈಗಾತ್ರದ ಕೊಂಬೆ ಸಿಕ್ಕರೂ ಬಿಡಬೇಡಿ. ಅದರ ಕೋಡುಗಳು ಜೋಡಿಯಾಗಿ ಇಳಿಬಿದ್ದು ತುದಿಯಲ್ಲಿ ಕೂಡಿಕೊಂಡಿರುತ್ತವೆ, ಗುರುತು ಸುಲಭ. ಒಂದೇ ಗಂಟಿನಲ್ಲಿ ಸುತ್ತಲೂ ಏಳರಷ್ಟು ಎಲೆ ಇದ್ದರೆ ಅದು ಬೇರೆ, ತುಳುನಾಡಿನ ಆಟಿ ಅಮಾವಾಸ್ಯೆಗೆ ಕೆತ್ತೆ, ಅಂದರೆ ತೊಗಟೆ, ತೆಗೆಯುವ ಹಾಲೆ. ಅದೂ ಬಿಳಿಯೇ, ಆದರೆ ತುಂಬಾ ಹಗುರ, ಮುಖವಾಡಕ್ಕೆ ಆದೀತು, ಬಳೆಗೆ, ಚೆಸ್ ಕಾಯಿಗೆ ಬೇಡ. ಕಷಾಯಕ್ಕೆ ಕೆತ್ತೆ ತೆಗೆಯುವ ಮರವನ್ನು ಕೊಡಿ ಅಂತ ಮನೆಯವರನ್ನು ಕೇಳಲೂ ಹೋಗಬೇಡಿ, ಬೈಸಿಕೊಳ್ಳುತ್ತೀರಿ. ಏನೂ ಸಿಗದಿದ್ದರೆ ರಬ್ಬರ್ ಇದ್ದೇ ಇದೆ, ಹಾಲು ಕಡಿಮೆಯಾದ 25-30 ವರ್ಷದ ಮರಗಳನ್ನು ಕಡಿಯುತ್ತಲೇ ಇರುತ್ತಾರೆ.

ದಿಮ್ಮಿ ನೋಡುವಾಗ ತುದಿ ನೋಡಿ. ಹೊಸದಾಗಿ ಕಡಿದದ್ದು ಒದ್ದೆಯಾಗಿ ಹೊಳೆಯುತ್ತದೆ. ಕೆಲವು ದಿನ ಬಿದ್ದದ್ದರಲ್ಲಿ ತೊಗಟೆಯ ಕಡೆಯಿಂದ ನಡುವಿನ ಕಡೆಗೆ ಬೂದು ನೀಲಿ ಪಟ್ಟೆಗಳು ಮೊನಚಾಗುತ್ತಾ ಹೋಗಿರುತ್ತವೆ. ಅದು ಬೂಷ್ಟು, ಮೇಲಿನ ಕೊಳೆಯಲ್ಲ. ಉಳಿಯಲ್ಲಿ ಒಂದು ಚಕ್ಕೆ ಎಬ್ಬಿಸಿ ನೋಡಿ, ಒಳಗೂ ನೀಲಿ ಇದ್ದರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಬಿಟ್ಟು ಬನ್ನಿ. ಸುತ್ತ ಕಪ್ಪಾದ ಸೂಜಿ ತೂತುಗಳಿದ್ದರೂ ಹಾಗೆಯೇ. ದರ ಕೇಳುವಾಗ ಲೆಕ್ಕ ಗೊತ್ತಿರಲಿ: ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವ ಪದ್ಧತಿ ಇದೆ. ಇದರಲ್ಲಿ ನಿಜವಾದ ಅಳತೆಯ ಸುಮಾರು 78% ಮಾತ್ರ ಲೆಕ್ಕಕ್ಕೆ ಬರುತ್ತದೆ, ಕೊಳ್ಳುವವರಿಗೆ ನಷ್ಟವಿಲ್ಲ. ರಬ್ಬರನ್ನು ತೂಕದಲ್ಲಿ ಮಾರುತ್ತಾರೆ, ಹಸಿ ಮರದ ನೀರಿಗೂ ದುಡ್ಡು ಕೊಡುತ್ತೀರಿ ಅನ್ನುವುದು ನೆನಪಿರಲಿ.

ಅಲ್ಲೇ ಸೀಳಿಸಿ. ದಪ್ಪ ಒಂದು ಇಂಚು, ಹೆಚ್ಚೆಂದರೆ ಒಂದೂವರೆ. ಸೀಳಿದ ಕೂಡಲೇ ಎರಡೂ ತುದಿಗೆ ಕರಗಿಸಿದ ಮೇಣವೋ ದಪ್ಪ ಪೇಂಟೋ ಬಳಿಯಿರಿ, ಮನೆಗೆ ಹೋಗಿ ಬಳಿಯೋಣ ಅಂದರೆ ದಾರಿಯಲ್ಲೇ ಸೀಳು ಬಿಡುತ್ತದೆ. ಟಾರ್ಪಲ್ ಬಿಗಿಯಾಗಿ ಹೊದೆಸಿ ತರುವುದು ಇನ್ನೊಂದು ಕೆಟ್ಟ ಅಭ್ಯಾಸ. ಒಳಗೆ ಬೆವರಿ, ಚೆರ್ಕಳದಿಂದ ವಿಟ್ಲ ದಾಟಿ ಕಲ್ಲಡ್ಕಕ್ಕೆ ಬಂದು ಬೆಂಗಳೂರು ಮುಟ್ಟುವಷ್ಟರಲ್ಲಿ ಬೂಷ್ಟಿಗೆ ಬೇಕಾದ ಹದ ತಯಾರು.

ಕಾಗದದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ, ರಾಜ್ಯದ ಗಡಿ ದಾಟುತ್ತಿದ್ದೀರಿ ಅಲ್ವಾ? ಕೇರಳದಲ್ಲಿ ಅರಣ್ಯೇತರ ಜಾಗದ ಮರಗಳಿಗೆ 2005ರ ಕಾಯ್ದೆ ಇದೆ, ಆದರೆ ಸಾಗಿಸುವ ಪಾಸ್ ಬೇಕೋ ಬೇಡವೋ ಅನ್ನುವುದು ಮರದ ಜಾತಿಯ ಮೇಲೆ. ಕರ್ನಾಟಕದ ನಿಯಮವೂ ಬೇರೆ. ಮಿಲ್ಲಿನ ಬಿಲ್ಲಿನಲ್ಲಿ ಮರದ ಹೆಸರು, ಅಳತೆ ಬರೆಸಿ, ಅರಣ್ಯ ಇಲಾಖೆಯ ರೇಂಜ್ ಆಫೀಸಲ್ಲಿ ಒಮ್ಮೆ ಕೇಳಿಯೇ ಲೋಡ್ ಮಾಡಿಸಿ. "ಅದೆಲ್ಲ ಬೇಡ, ಯಾರೂ ಕೇಳುದಿಲ್ಲ" ಅನ್ನುವ ಡ್ರೈವರನ್ನು ನಂಬಬೇಡಿ.

ಮನೆಗೆ ಬಂದ ಮೇಲೆ ಮೊದಲು ಹುಳದ ಮದ್ದು. ಈ ಮರಗಳಲ್ಲಿ, ಅದರಲ್ಲೂ ರಬ್ಬರಲ್ಲಿ, ಪಿಷ್ಟ ಜಾಸ್ತಿ, ಅದಕ್ಕೇ ಪುಡಿ ಹುಳ ಮುತ್ತುತ್ತದೆ. 10 ಲೀಟರ್ ಬಿಸಿನೀರಿಗೆ 600 ಗ್ರಾಂ ಬೋರಾಕ್ಸ್, 400 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಹಸಿ ಹಲಗೆಯನ್ನೇ ಅದ್ದಿ. ಒಣಗಿದ ಮೇಲೆ ಅದ್ದಿದರೆ ಒಳಗೆ ಇಳಿಯುವುದಿಲ್ಲ. ಕೈಗವಸು ಹಾಕಿಕೊಳ್ಳಿ. ಮಗು ಬಾಯಿಗೆ ಹಾಕುವ ಆಟಿಕೆಯ ಮರಕ್ಕೆ ಇದು ಬೇಡ. ಇದು ಹುಳಕ್ಕೆ ಮಾತ್ರ, ನೀಲಿ ಬೂಷ್ಟನ್ನು ನಂಬಿಕೆಯಾಗಿ ತಡೆಯುವುದಿಲ್ಲ. ಅದಕ್ಕೆ ಗಾಳಿಯೇ ಮದ್ದು.

ಮೊದಲ ವಾರ ಎರಡು ವಾರ ಹಲಗೆಗಳನ್ನು ಮಲಗಿಸದೆ, ನೆರಳಲ್ಲಿ ಗೋಡೆಗೆ ಒರಗಿಸಿ, ಒಂದಕ್ಕೊಂದು ತಾಗದ ಹಾಗೆ ನಿಲ್ಲಿಸಿ. ಮೈ ಬೇಗ ಆರುತ್ತದೆ, ಬಣ್ಣ ಉಳಿಯುತ್ತದೆ. ಆಮೇಲೆ ಹಲಗೆ ಹಲಗೆಯ ನಡುವೆ ಮರದ ಪಟ್ಟಿ ಕೊಟ್ಟು ಅಟ್ಟಿ ಹಾಕಿ. ಪಟ್ಟಿ ಚೆನ್ನಾಗಿ ಒಣಗಿರಬೇಕು, ಸಣ್ಣದಿರಬೇಕು. ಹಸಿ ಪಟ್ಟಿ ಇಟ್ಟರೆ ಅದು ಕೂತ ಜಾಗದಲ್ಲೆಲ್ಲ ಅಡ್ಡಕ್ಕೆ ಬೂದು ಗೆರೆ ಮೂಡುತ್ತದೆ, ರಂದ ಹೊಡೆದರೂ ಕಾಣುತ್ತಲೇ ಇರುತ್ತದೆ. ನೇರ ಬಿಸಿಲು ಬೇಡವೇ ಬೇಡ.

ಒಂದು ತುಂಡಿನ ಮೇಲೆ ತಾರೀಕು, ತೂಕ ಬರೆದು ಅಡುಗೆಮನೆಯ ತಕ್ಕಡಿಯಲ್ಲಿ ತಿಂಗಳಿಗೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ಹೊರಗಿನ ಗಾಳಿಯಲ್ಲಿ ಇನ್ನು ಒಣಗುವುದಿಲ್ಲ ಅಂತ ಅರ್ಥ. ಕರಾವಳಿಯಲ್ಲೇ ಒಣಗಿಸಿದರೆ ತೇವ 15%ರ ಆಸುಪಾಸಲ್ಲಿ ನಿಂತುಬಿಡುತ್ತದೆ. ಅಂಥ ಹಲಗೆಯನ್ನು ಬೆಂಗಳೂರಿಗೋ ಬಳ್ಳಾರಿಗೋ ತಂದು ಅವತ್ತೇ ಡಬ್ಬಿ ಮಾಡಿದರೆ ಬೇಸಿಗೆಯಲ್ಲಿ ಮುಚ್ಚಳ ಸಡಿಲವಾಗುತ್ತದೆ. ಕೆಲಸ ಮಾಡುವ ಕೋಣೆಯಲ್ಲೇ ಕೆಲವು ವಾರ ಇಟ್ಟು, ಮತ್ತೆ ತೂಗಿ, ಆಮೇಲೆ ಕೊಯ್ಯಿರಿ.