ಕಿಡ್ನಿ ರೋಗಿಯ ಕಾಲಿನ ಬಿಪಿ
ಕಿಡ್ನಿ ಕಾಯಿಲೆ ಇರುವವರ ಕಾಲಿನ ರಕ್ತಸಂಚಾರ ಪರೀಕ್ಷೆಯಲ್ಲಿ 1.4ಕ್ಕಿಂತ ಹೆಚ್ಚು ಬಂದರೆ ಖುಷಿಪಡಬೇಡಿ. ರೋಗಿಯನ್ನು ಮಲಗಿಸಿ, ಪಾದದ ಗಂಟಿನ ಹತ್ತಿರದ ಸಿಸ್ಟಾಲಿಕ್ ಬಿಪಿಯನ್ನು (ಬಿಪಿಯ ಮೇಲಿನ ಅಂಕಿ) ತೋಳಿನದ್ದರಿಂದ ಭಾಗಿಸಿದರೆ ಸಿಗುವ ಅಂಕಿ ಅದು. 0.9 ಅಥವಾ ಕಡಿಮೆ ಎಂದರೆ ರಕ್ತನಾಳ ಕಿರಿದಾಗಿದೆ. ಆದರೆ ಕಿಡ್ನಿ ಸೋತಾಗ ರಕ್ತದಲ್ಲಿ ರಂಜಕ ಏರಿ, ರಕ್ತನಾಳದ ನಡುಪದರದಲ್ಲಿ ಕ್ಯಾಲ್ಸಿಯಂ ಕೂರುತ್ತದೆ. ಆಮೇಲೆ ಬಿಪಿ ಪಟ್ಟಿ ಎಷ್ಟು ಬಿಗಿದರೂ ನಾಳ ಅದುಮಿಕೊಳ್ಳುವುದಿಲ್ಲ, ಅಂಕಿ ಸುಮ್ಮನೆ ಏರುತ್ತದೆ. ಒಳಗೆ ಅಡಚಣೆ ಇದ್ದೂ 1.1 ಎಂಬ ‘ನಾರ್ಮಲ್’ ಬರಬಹುದು. ನನ್ನ ಪ್ರಕಾರ 1.4ಕ್ಕಿಂತ ಇದೇ ಹೆಚ್ಚು ಅಪಾಯದ್ದು, ಯಾರಿಗೂ ಅನುಮಾನವೇ ಬರುವುದಿಲ್ಲ. ಕಾಲ್ಬೆರಳಿನ ನಾಳಗಳು ಅಷ್ಟಾಗಿ ಗಟ್ಟಿಯಾಗುವುದಿಲ್ಲ, ಹಾಗಾಗಿ ಹೆಬ್ಬೆರಳಿನ ಬಿಪಿಯನ್ನೂ ಅಳೆಯಬೇಕು. ಅದನ್ನು ತೋಳಿನ ಬಿಪಿಯಿಂದ ಭಾಗಿಸಿದಾಗ 0.7ಕ್ಕಿಂತ ಕಡಿಮೆ ಬಂದರೆ ಮುಂದಿನ ಪರೀಕ್ಷೆ ಬೇಕು. ಅಂದಹಾಗೆ, ಡಯಾಲಿಸಿಸ್‌ಗೆಂದು ಫಿಸ್ಟುಲಾ (ಅಪಧಮನಿಗೆ ಅಭಿಧಮನಿಯನ್ನು ಸೇರಿಸುವ ಜೋಡಣೆ) ಮಾಡಿಸಿದ ಕೈಗೆ ಬಿಪಿ ಪಟ್ಟಿ ಕಟ್ಟಲೇಬಾರದು.