ಹಾಜರಿ ಪುಸ್ತಕದಾಗ ಮೊದ್ಲ ಕಾಣ್ತದ

ನವೆಂಬರ್ 17, 2025, ಸೋಮವಾರ
ರಾಣೆಬೆನ್ನೂರು

ಇವತ್ತ ಸಾಲಿ ಅಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಮೀಟಿಂಗ್‌ನ್ಯಾಗ ಮತ್ತ ಅದ ಮಾತು, ಹೆಣ್ಣುಹುಡುಗ್ರು ಕೆಡಾಕತ್ತಿದ್ದು ಮೊಬೈಲ್‌ನಿಂದ, ಕಸ್ಕೊಂಡ್ರ ಎಲ್ಲಾ ಸರಿ ಆಗ್ತದ ಅಂತ. ಬಾಜೂ ಊರಾಗ ಹೈಸ್ಕೂಲ್ ಹುಡುಗಿ ಒಬ್ಬಾಕಿ ಬಸುರಿ ಅಂತ ಗೊತ್ತಾದಾಗಿಂದ ಹಿಂಗ ನಡದದ. ಆ ಗಂಡಸಿನ ಸುದ್ದಿ ಮಾತ್ರ ಯಾರೂ ತಗಿಯಂಗಿಲ್ಲ, ನನಗ ಭಾಳ ಸಿಟ್ಟು ಬರೋದು ಇದಕ್ಕ.

ಮೊಬೈಲ್‌ನಿಂದ ಏನೂ ಆಗಂಗಿಲ್ಲ ಅಂತ ನಾ ಅನ್ನಂಗಿಲ್ಲ. ಆದ್ರ ನಮ್ಮ ಕಡೆ ನಾ ನೋಡಿದ್ದು, ಹುಡುಗಿ ಮೊದ್ಲ ಸಾಲಿ ಬಿಡ್ತಾಳ, ಆಮ್ಯಾಲ ಮದುವಿ, ಆಮ್ಯಾಲ ಬಸುರು. ಬೀಜೋತ್ಪಾದನೆ ಹೊಲದಾಗ ಕ್ರಾಸಿಂಗ್, ಅಂದ್ರ ಕೈಲೆ ಹೂವಿನ ಪರಾಗ ಮುಟ್ಟಿಸೋ ಕೆಲಸ ಶುರು ಆತಂದ್ರ ವಾರದಾಗ ಎರಡು ದಿನ ಗೈರು, ಆಮ್ಯಾಲ ನಾಕು ದಿನ, ಆಮ್ಯಾಲ ಹೆಸರಿನ ಮುಂದ ಬರೇ ಕೆಂಪು ಗೆರಿ. ಅಪ್ಪ ಅವ್ವ ಗೋವಾಕ್ಕ ದುಡ್ಯಾಕ ಹೋಗಿರ್ತಾರ, ಮನ್ಯಾಗ ಅಜ್ಜಿ ಒಬ್ಬಾಕಿ, ದೊಡ್ಡಾಕಿ ಆದ ಮೊಮ್ಮಗಳನ್ನ ಹೆಂಗ ಕಾಯೋದು ಅಂತ ಆಕಿಗೆ ರಾತ್ರಿ ನಿದ್ದಿ ಇಲ್ಲ, ಅಷ್ಟೊತ್ತಿಗೆ ಸೋದರಮಾವ "ನಾ ಮಾಡ್ಕೋತೀನಿ" ಅಂದ್ರ ದೇವ್ರ ಬಂದಂಗ ಆಗ್ತದ. ಹತ್ತನೇತ್ತೆ ಮುಗಿಸಿದವ್ರಿಗೂ ಪಿಯು ಕಾಲೇಜು ದೂರ, ಬಸ್ಸು ಫ್ರೀ ಆಗ್ಯದ ಖರೆ, ಆದ್ರ ಸಂಜಿ ಬಸ್ ತಪ್ಪಿದ್ರ ಹೆಂಗ ಅಂತ ಮನ್ಯಾಗ ಕಳಸಂಗಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ (ಎನ್‌ಎಫ್‌ಎಚ್‌ಎಸ್) ಸರ್ವೇದಾಗ ನಮ್ಮ ರಾಜ್ಯದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳೊಳಗ 21 ಪರ್ಸೆಂಟ್ ಮಂದಿಗೆ 18 ತುಂಬೂದ್ರಾಗ ಮದುವಿ ಆಗಿತ್ತು. ಐದು ಮಂದ್ಯಾಗ ಒಬ್ಬಾಕಿ. ಅಂಥಾ ಮದುವಿ ಮದುವೀನ ಅಲ್ಲ ಅಂತ ಕರ್ನಾಟಕ 2016ರಾಗ ಕಾಯ್ದೆ ತಿದ್ದುಪಡಿ ಮಾಡ್ಯದ, ಆದ್ರೂ ಗುಡಿಯಾಗ ಬೆಳಗಿನ ಜಾವ ತಾಳಿ ಕಟ್ಟಿ ಮುಗಿಸೇ ಬಿಡ್ತಾರ.

ಮಧ್ಯಾಹ್ನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ ಸ್ಟಾಫ್ ರೂಮ್ ಹೊರಗ ಕರದು ಹೇಳಿದ್ಲು, "ಅಕ್ಕೋರ, ಆ ಹುಡುಗಿಗೆ ಆರು ತಿಂಗಳಾತ್ರೀ, ಇನ್ನೂ ತಾಯಿ ಕಾರ್ಡ್ ಮಾಡ್ಸಿಲ್ಲ." ಬಸುರಿಯ ತಪಾಸಣಿ ಬರಿಯೋ ಕಾರ್ಡ್ ಅದು. ಮಾಡ್ಸಿಲ್ಲ ಯಾಕಂದ್ರ ಆಧಾರ್ ಕೇಳ್ತಾರ, ವಯಸ್ಸು ಹದಿನಾರು ಅಂತ ತಿಳೀತದ, ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯ ತಡಿಯೋ ಪೋಕ್ಸೋ ಕಾಯ್ದೆ ಪ್ರಕಾರ ದವಾಖಾನ್ಯಾವ್ರು ಪೊಲೀಸರಿಗೆ ತಿಳಿಸ್ಲೇಬೇಕು. ಕೇಸ್ ಆಗ್ತದ ಅಂತ ಮನಿಯವ್ರು ಆಕೀನ್ನ ಒಳಗ ಇಟ್ಟಾರ. ಬಿಪಿ ನೋಡಿಲ್ಲ, ರಕ್ತ ಎಷ್ಟದ ಗೊತ್ತಿಲ್ಲ, ಕಬ್ಬಿಣದ ಗುಳಿಗಿ ಇಲ್ಲ. ಈ ವಯಸ್ಸಿನ ಬಸುರಿಗೆ ರಕ್ತ ಕಮ್ಮಿ ಆಗೋದು, ಬಿಪಿ ಏರೋದು, ಕೂಸಿನ ತೂಕ ಕಮ್ಮಿ ಆಗೋದು ಹೆಚ್ಚು. ಕಾಯ್ದೆ ಬ್ಯಾಡ ಅಂತ ನಾ ಹೇಳಾಕತ್ತಿಲ್ಲ, ಅದು ಬೇಕು. ಆದ್ರ ಪೊಲೀಸರ ಹೆದರಿಕಿಗೆ ಆ ಹುಡುಗಿ ಜೀವಕ್ಕ ಅಪಾಯ ಆಗಬಾರದು. ಏನ ಕೇಸ್ ಆದ್ರೂ ದವಾಖಾನ್ಯಾಗ ಚಿಕಿತ್ಸೆ ಇಲ್ಲ ಅನ್ನಂಗಿಲ್ಲ ಅಂತ ಆ ಮನಿಯವ್ರಿಗೆ ಯಾರಾದ್ರೂ ಕುಂತು ತಿಳಿಸಿ ಹೇಳ್ಬೇಕು, ಆಶಾ ಅಕ್ಕ ಒಬ್ಬಾಕಿನ ಎಷ್ಟಂತ ಹೋಗ್ತಾಳ.

ಇನ್ನೊಂದು, ಹತ್ತನೇತ್ತೆ ವಿಜ್ಞಾನದಾಗ ಸಂತಾನೋತ್ಪತ್ತಿ ಪಾಠ ಬಂತಂದ್ರ "ಮನ್ಯಾಗ ಓದ್ಕೊಂಡ್ ಬರ್ರಿ" ಅಂತ ಹಾಳಿ ತಿರುವಿ ಹಾಕೋದು ಭಾಳ ಕಡೆ ನಡೀತದ. ಮುಟ್ಟು ನಿಂತ್ರ ಏನರ್ಥ ಅಂತ ಗೊತ್ತಿಲ್ಲದ ಹುಡುಗಿ ಯಾರಿಗೆ ಏನ ಹೇಳ್ಬೇಕು? ನಾಳೆ ಮೂರನೇ ಪಿರಿಯಡ್ ಆ ಪಾಠ ತಗೋತೀನಿ, ಗಂಡುಹುಡುಗ್ರನ್ನ ಹೊರಗ ಕಳಸಂಗಿಲ್ಲ, ಅವ್ರಿಗೂ ಅಷ್ಟ ತಿಳೀಬೇಕು. ಮಕ್ಕಳ ಸಹಾಯವಾಣಿ 1098 ನಂಬರ್ ಬೋರ್ಡಿನ ಮ್ಯಾಲ ಬರೀತೀನಿ.

ಒಂಬತ್ತನೇತ್ತ್ಯಾಗ ಒಬ್ಬಾಕಿ ಗುರುವಾರದಿಂದ ಬಂದಿಲ್ಲ, ಜ್ವರ ಅಂತ ತಮ್ಮ ಹೇಳ್ತಾನ. ಸಾಲಿ ಬಿಟ್ಟ ಮ್ಯಾಲ ಅವ್ರ ಅಜ್ಜಿನ್ನ ಮಾತಾಡ್ಸಾಕ ಹೊಂಟೀನಿ.