ಯಾವ ಎತ್ತರದ ನೀರು?

ಖೊನೊಮಾ ಅಂಗಾಮಿ ನಾಗಾ ಜನರ ಊರು. ಕೊಹಿಮಾದಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್. ನಾನು ಉಳಿದುಕೊಳ್ಳಬೇಕಿದ್ದ ಮನೆ ಸೇರುವಷ್ಟರಲ್ಲಿ ಮಳೆ ಹಿಡಿದಿತ್ತು. ಮೆಟ್ಟಿಲು ಗದ್ದೆ ನೋಡುವ ಆಸೆ ಬಿಟ್ಟು ಅಡುಗೆಮನೆಯ ಒಲೆ ಮುಂದೆ ಕೂತೆ. ಅದೇ ಒಳ್ಳೆಯದಾಯಿತು.

ದಿಮಾಪುರದಿಂದ ಅಲ್ಲಿಯವರೆಗೆ ನೀರು ಬೇಕಾದಾಗೆಲ್ಲ 'ಪಾನಿ' ಅನ್ನುತ್ತಿದ್ದೆ. ನಾಗಾಮೀಸ್‌ನಲ್ಲೂ ಅದು ಪಾನಿಯೇ. ಅಸ್ಸಾಮಿಯಿಂದ ಬೆಳೆದ ಸಂತೆಮಾತು ಅದು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ನಾಗಾ ಬುಡಕಟ್ಟುಗಳಿಗೆ ಪೇಟೆಯಲ್ಲಿ ಅದೇ ಆಸರೆ. ಆದರೆ ಆ ಮನೆಯ ಅಜ್ಜಿ ಲೋಟ ಕೊಡುತ್ತಾ ತಮ್ಮದೇ ಪದ ಹೇಳಿದರು. ಬರೆದುಕೊಳ್ಳೋಣ ಎಂದು ಪುಸ್ತಕ ತೆಗೆದೆ. 'ದ್ಜು' ಎಂದು ಬರೆದೆ. ಸರಿ ಕಾಣಲಿಲ್ಲ. 'ದ್ಜಿ' ಎಂದೆ, ಅದೂ ಅಲ್ಲ. ಕೊನೆಯ ಸ್ವರ ಉಕಾರವೂ ಅಲ್ಲ, ಇಕಾರವೂ ಅಲ್ಲ. ತುಳುವಿನಲ್ಲಿ ಪದದ ಕೊನೆಗೆ ಬರುತ್ತದಲ್ವಾ, ಅರೆ ಉಕಾರ, ಹೆಚ್ಚುಕಡಿಮೆ ಅದರ ಹಾಗೆ. ಕನ್ನಡದಲ್ಲಿ ಬರೆಯಲಾಗದ ಸದ್ದೇ ಇಲ್ಲ ಎಂದು ನಂಬಿದ್ದವನು ನಾನು. ಪೆನ್ನು ಹಿಡಿದು ಸುಮ್ನೆ ಕೂತೆ.

ಸ್ವರ ಸಿಕ್ಕರೂ ಸಾಲದು ಎಂದು ಸೊಸೆ ಹಿಂದಿಯಲ್ಲಿ ವಿವರಿಸಿದರು. ಅಜ್ಜಿ ಅಂಗೈಯನ್ನು ಗಾಳಿಯಲ್ಲಿ ಒಂದೊಂದು ಮಟ್ಟಕ್ಕೆ ಹಿಡಿದು ಹೇಳಿ ತೋರಿಸಿದರು. ಖೊನೊಮಾದ ಮಾತಿನಲ್ಲಿ ಇಂಥ ನಾಲ್ಕು ಮಟ್ಟಗಳಿವೆ. ದನಿಯ ಎತ್ತರ ಬದಲಾದರೆ ಪದವೇ ಬೇರೆ. ನಮ್ಮ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1980ರಲ್ಲೇ ಅಂಗಾಮಿ ವ್ಯಾಕರಣ ಪ್ರಕಟಿಸಿದೆ. ಅದನ್ನು ನಾನು ಹುಡುಕಿದ್ದು ಊರಿಗೆ ಮರಳಿದ ಮೇಲೆ.

ಊಟವಾದ ಮೇಲೆ ಅಜ್ಜಿ ಬೈಬಲ್ ಓದಿದರು. ಅದು ಅಂಗಾಮಿಗಳ ಬರಹದ ಭಾಷೆ ತೆನ್ಯಿದಿಯೆಯಲ್ಲಿತ್ತು. 'ದಿಯೆ' ಅಂದರೆ ಮಾತು. ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿಗಳ ಕಾಲದಿಂದ ಬಂದ ರೋಮನ್ ಅಕ್ಷರಗಳು. ಆ ಪುಟದಲ್ಲಿ ದನಿಯ ಏರಿಳಿತಕ್ಕೆ ಗುರುತೇ ಇರಲಿಲ್ಲ. ಆದರೂ ಅಜ್ಜಿ ಎಲ್ಲೂ ತಡವರಿಸಲಿಲ್ಲ. ಅರ್ಧ ಭಾಷೆ ಕಾಗದದ ಮೇಲಿತ್ತು, ಇನ್ನರ್ಧ ಅವರ ಗಂಟಲಲ್ಲಿ. ಮನೆಯಲ್ಲಿ ಮಕ್ಕಳು ಇಂಗ್ಲಿಷನ್ನೇ ಜಾಸ್ತಿ ಆಡತೊಡಗಿದರೆ ಆ ಇನ್ನರ್ಧ ಯಾವ ಪುಸ್ತಕದಲ್ಲಿ ಸಿಗುತ್ತದೆ? ಆ ರಾತ್ರಿ ನನಗೆ ಅದೇ ಯೋಚನೆ.

ಪುಸ್ತಕದ ಮಾತು ಕೊಹಿಮಾ ಕಡೆಯದು, ಮನೆಯಲ್ಲಿ ಆಡುವುದು ಖೊನೊಮಾದ್ದು ಎಂದರು ಸೊಸೆ. ಇದು ನನಗೆ ತಕ್ಷಣ ಅರ್ಥವಾಯಿತು. ನಾನು ಕುಂದಾಪುರದವನು. ಶಾಲೆಯಲ್ಲಿ ಓದಿದ ಕನ್ನಡವೇ ಬೇರೆ, ಅಮ್ಮನ ಹತ್ತಿರ ಆಡುವ ಕನ್ನಡವೇ ಬೇರೆ.

ಬೆಳಿಗ್ಗೆ ಹೊರಡುವಾಗ 'ಪೆಜಿಯೆ' ಎಂದೆ. ಧನ್ಯವಾದ ಅಂತ. ಅಜ್ಜಿ ನನ್ನ ಬಾಟಲಿಗೆ ನೀರು ತುಂಬಿಸಿ, ನಿಮ್ಮಲ್ಲಿ ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿಸಿದರು.

"ನೀರ್."

ಅವರು ಅಂಗೈ ಎತ್ತಿದರು. ಯಾವ ಎತ್ತರದಲ್ಲಿ ಹೇಳಬೇಕು?

ಯಾವ ಎತ್ತರದಲ್ಲಿ ಹೇಳಿದರೂ ನೀರೇ ಅಜ್ಜಿ ಎಂದೆ. ಅವರು ನಂಬಲಿಲ್ಲ. ಮೇಲಿನಿಂದ ಕೆಳಗೆ ನಾಲ್ಕೂ ಮಟ್ಟದಲ್ಲಿ 'ನೀರ್' ಎಂದು, ಪ್ರತಿಸಲವೂ ನನ್ನ ಮುಖ ನೋಡಿದರು.